ಕುರ್ಚಿ ಸಹಾ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಮೂವತ್ತೈದು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳ ಮೂಗಿನ ಮೇಲೆ ಮತ್ತೇನು ಮಲ್ಲಿಗೆ ಹೂವು ಇರುತ್ತದೆಯೇ? ಇರಲಿ. ಖಾನಾಪುರದ ಬಾಳಕೃಷ್ಣ ಸುತಾರರ ವಿಷಯ ಬರೆಯಬೇಕೆಂದರೆ ನಾನು ಆ ಸಿಟ್ಟನ್ನು ಒಪ್ಪಿಕೊಂಡೇ ಹೊರಡಬೇಕು. ಅವರಿಗೆ ನಾನು ಫೋನಿನಲ್ಲಿ ಆಡಿದ ಒಂದು ಮಾತು ಇವತ್ತಿಗೂ ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ನನ್ನ ಹಲ್ಲಿಗೆ ತಾಗುತ್ತದೆ.

ಬಾಳಕೃಷ್ಣ ಊಟದ ಕುರ್ಚಿ ಬಿಟ್ಟು ಬೇರೇನೂ ಮಾಡುವುದಿಲ್ಲ. ಮಂಚ ಕೇಳಿದರೆ ಇಲ್ಲ, ಕಪಾಟು ಕೇಳಿದರೆ ಇಲ್ಲ. ಕುರ್ಚಿಯ ಜೊತೆಗಾದರೆ ಒಂದು ಮೇಜು, ಅದೂ ಮುಖ ಸಣ್ಣದು ಮಾಡಿಕೊಂಡು. ಅವರ ತಂದೆ ಬೆಳಗಾವಿ ಕ್ಯಾಂಪಿನ ಬಂಗಲೆಗಳಿಗೆ ಕುರ್ಚಿ ಮಾಡಿಕೊಡುತ್ತಿದ್ದರಂತೆ. ಮಗ ಹನ್ನೆರಡನೆಯ ವಯಸ್ಸಿಗೆ ಆ ತಂದೆಯ ಕೈಕೆಳಗೆ ಬೆತ್ತ ಹೆಣೆಯಲು ಕುಳಿತವರು, ಈಗ ಅರವತ್ತು ದಾಟಿದ್ದಾರೆ. ಮಾತು ಕಡಿಮೆ. ಆಡಿದರೂ ಎದುರಿನವರ ಮುಖ ನೋಡುವುದಿಲ್ಲ, ಮೊಣಕಾಲು ನೋಡುತ್ತಾರೆ. ಮೊದಲ ಸಲ ನೋಡಿದಾಗ ನಾನು ಸೀರೆ ಸರಿಮಾಡಿಕೊಂಡೆ. ಆಮೇಲೆ ಗೊತ್ತಾಯಿತು, ಪಾಪ, ಅವರು ನೆಲದಿಂದ ಮಂಡಿಯವರೆಗಿನ ಎತ್ತರ ನೋಡುತ್ತಿದ್ದರು.

ನಾನು ಮತ್ತು ನನ್ನ ತಮ್ಮ ಶಶಿಧರನ ಹೆಂಡತಿ ಪೂರ್ಣಿಮಾ ಕುರ್ಚಿಯ ವಿಚಾರ ಮಾಡಲು ಅವರ ವರ್ಕ್‌ಶಾಪಿಗೆ ಹೋದಾಗ ಮಧ್ಯಾಹ್ನವಾಗಿತ್ತು. ವರ್ಕ್‌ಶಾಪಿನ ಹಿಂದೆಯೇ ಇರುವ ಮನೆಯಲ್ಲಿ ಅವರು ನೆಲದ ಮೇಲೆ ಕುಳಿತು ಊಟ ಮಾಡುತ್ತಿದ್ದರು. ಮನೆಯಲ್ಲಿ ಒಂದೇ ಒಂದು ಕುರ್ಚಿ ಇರಲಿಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಊರ ಮಂದಿಗೆಲ್ಲಾ ಖುರ್ಚಿ ಮಾಡಿಕೊಡ್ತೀರಿ, ನಿಮಗ ಒಂದು ಗತಿ ಇಲ್ಲೇನ್ರಿ ಸುತಾರ್ರ?" ಎಂದೆ.

"ನೆಲದ ಮ್ಯಾಲೆ ಖಾಲಿ ಜಾಗಾ ಅಂತ ಇರೂದಿಲ್ಲರಿ ಬಾಯಾರ" ಎಂದರು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಹಾಗೆ ಕರೆಯುತ್ತಾರೆ. ಜಿಪುಣರು ಹೀಗೇ ವೇದಾಂತ ಹೇಳುವುದು ಎಂದು ನಾನು ಬರುವಾಗ ದಾರಿಯುದ್ದಕ್ಕೂ ನಕ್ಕೆ.

ಪಂಚಮಿ ಕಳೆದ ಮೇಲೆ ಅವರು ಬೆಳಗಾವಿಯ ಅನಗೋಳದ ನಮ್ಮ ಮನೆಗೆ ಅಳತೆಗೆ ಬಂದರು. ಟೇಪು ಇಲ್ಲ. ಹೆಗಲಲ್ಲಿ ಒಂದು ಚೀಲ, ಅದರಲ್ಲಿ ಸೀಳಿದ ಬಿದಿರು ಕೋಲುಗಳು. ನಮ್ಮನ್ನು ಒಬ್ಬೊಬ್ಬರನ್ನಾಗಿ ಒಂದು ಗಿಡ್ಡ ಮಣೆಯ ಮೇಲೆ ಕೂರಿಸಿ, ಹಿಮ್ಮಡಿ ನೆಲಕ್ಕೆ ಪೂರ್ತಿ ತಾಗುವ ತನಕ ಮಣೆಯ ಕೆಳಗೆ ಹಲಗೆ ಸೇರಿಸುತ್ತ ಹೋದರು. ಆಮೇಲೆ ಒಬ್ಬರಿಗೆ ಒಂದು ಕೋಲು ಹಿಡಿದು ಚಾಕುವಿನಿಂದ ಕಚ್ಚು ಹಾಕಿದರು. ಮೊಣಕಾಲಿಗೆ ಒಂದು ಕಚ್ಚು, ತೊಡೆಗೆ ಒಂದು, ಬೆನ್ನಿಗೆ ಒಂದು.

"ಟೇಪು ತಗೊಂಡ್ರ ಲಗೂನ ಆಗತಿತ್ತಲ್ರಿ" ಎಂದಳು ಪೂರ್ಣಿಮಾ.

"ಟೇಪಿನ ಅಂಕಿ ಯಾರದರ ಆಗಬಹುದರಿ. ಕೋಲು ಒಬ್ಬರದಽ."

ನಮ್ಮವ್ವ ಪದ್ಮವ್ವನಿಗೆ ಎಂಬತ್ತನಾಲ್ಕು. ಬುದ್ಧಿ ಒಮ್ಮೊಮ್ಮೆ ಅತ್ತಿತ್ತ ಹೋಗಿ ಬರುತ್ತದೆ, ನಾಲಿಗೆ ಮಾತ್ರ ಎಲ್ಲಿಗೂ ಹೋಗಿಲ್ಲ. "ಹೆಣಕ್ಕ ಅಳತಿ ತಗೊಂಡಂಗ ತಗೋತಾನ ಇಂವ" ಎಂದಳು.

"ಉಣ್ಣೂವರಿಗೆ ಅಷ್ಟ ತಗೋತೀನ್ರಿ ಅವ್ವಾರ" ಎಂದು ಬಾಳಕೃಷ್ಣ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದು ಸಲ. ಅವ್ವನಿಗೆ ಏಳಲು ಸುಲಭವಾಗಲೆಂದು ಅರ್ಧ ಬೆರಳು ಎತ್ತರ ಹಿಡಿದರು. ಆರಾಮ ಕುರ್ಚಿ ಮನುಷ್ಯನನ್ನು ಹಿಂದಕ್ಕೆ ಜಗ್ಗಬೇಕು, ಊಟದ ಕುರ್ಚಿ ತಾಟಿನ ಕಡೆಗೆ ದೂಡಬೇಕು, ಹಿಮ್ಮಡಿ ನೆಲ ಮುಟ್ಟದವನು ಎಂದೂ ಹೊಟ್ಟೆ ತುಂಬ ಉಣ್ಣುವುದಿಲ್ಲ ಎಂದೆಲ್ಲ ಹೇಳಿದರು. ಕುರ್ಚಿಯ ವಿಷಯಕ್ಕೆ ಮಾತ್ರ ಅವರಿಗೆ ಬಾಯಿ ಬರುತ್ತಿತ್ತು. ಹೊರಡುವಾಗ ಇನ್ನೊಂದು ಹೇಳಿದರು. ಹೊಸ ಕುರ್ಚಿ ಬಂದ ಮೇಲೆ ಅದರ ಮನುಷ್ಯ ಬಂದು ಕೂರುವ ತನಕ ತಲೆಕೆಳಗೆ ಮಾಡಿ ಇಡಬೇಕಂತೆ.

"ಇಲ್ಲಾಂದ್ರ?"

"ಬ್ಯಾರೆ ಯಾರರ ಬಂದು ಕುಂದರತಾರ್ರಿ."

ಅಳತೆ ಆದ ಮೇಲೆ ಶಶಿಧರ ಅನುಮಾನ ಶುರು ಮಾಡಿದ. ಉದ್ಯಮಬಾಗದ ಒಂದು ಫೌಂಡ್ರಿಯ ಆಫೀಸಿನಲ್ಲಿ ಕೆಲಸ ಅವನದು. ಮೇಜು ಒಂದೇ ಸಾಕು, ಪ್ಲಾಸ್ಟಿಕ್ ಕುರ್ಚಿ ಇವೆಯಲ್ಲ ಎಂದ. ಹದಿನೈದು ದಿನ ವಾದ ನಡೆದು ಕೊನೆಗೆ ನಾನು ಗೆದ್ದೆ. ಗೆದ್ದ ಹುಮ್ಮಸ್ಸಿನಲ್ಲಿ ಚೆಂದದ ಅಕ್ಷರದಲ್ಲಿ ಒಂದು ಚೀಟಿ ಬರೆದು, ಫೋಟೋ ತೆಗೆದು ಬಾಳಕೃಷ್ಣರ ಮೊಬೈಲಿಗೆ ಕಳಿಸಿದೆ: "ಸಾಗವಾನಿ ಮೇಜು ಒಂದು. ಕುರ್ಚಿ ಸಹಾ."

ದೀಪಾವಳಿಗೆ ವಾರವಿರುವಾಗ ಟೆಂಪೋ ಬಂತು. ನಾವು ಮನೆಯಲ್ಲಿ ಐದು ಜನ, ಅವ್ವ, ಶಶಿಧರ, ಪೂರ್ಣಿಮಾ, ಕಾಲೇಜಿಗೆ ಹೋಗುವ ಅವರ ಮಗಳು ಮತ್ತು ನಾನು. ಟೆಂಪೋದಲ್ಲಿ ಐದು ಕುರ್ಚಿ ತಲೆಕೆಳಗಾಗಿ ಇದ್ದವು. ಆರನೆಯದೊಂದು ನೆಟ್ಟಗೆ ನಿಂತಿತ್ತು. ಉಳಿದವನ್ನು ಹಗ್ಗದಿಂದ ಬಿಗಿದಿದ್ದರು. ಅದಕ್ಕೆ ಮಾತ್ರ ಹಳೆಯ ಮೆತ್ತನೆಯ ಸೀರೆಯ ತುಂಡು ಸುತ್ತಿ ಕಟ್ಟಿದ್ದರು.

"ಐದು ಮಂದಿಗೆ ಆರು ಖುರ್ಚಿ ಯಾಕ್ರಿ ಸುತಾರ್ರ?"

ಅವರು ಮೊಬೈಲು ತೆಗೆದು ನನ್ನದೇ ಚೀಟಿ ತೋರಿಸಿದರು. "ನೀವಽ ಬರದೀರಲ್ರಿ ಬಾಯಾರ. ಖುರ್ಚಿ ಸಹಾ."

ಮರಾಠಿಯಲ್ಲಿ ಸಹಾ ಎಂದರೆ ಆರು. ಅವರ ಮನೆಮಾತು ಮರಾಠಿ. ನನಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ. ಬೆಳಗಾವಿಯಲ್ಲಿ ಬೇರೆ ಯಾರಾದರೂ ಆಗಿದ್ದರೆ "ಖುರ್ಚೀನೂ ಮಾಡ್ರಿ" ಎನ್ನುತ್ತಿದ್ದರು, ನನಗೆ ಪುಸ್ತಕದ ಕನ್ನಡವೇ ಬೇಕಾಗಿತ್ತು. ಅದಾದರೂ ಸರಿಯಾಗಿತ್ತೇ? "ಸಹ" ಎಂದು ಬರೆದರೆ ಸಾಕು, ದೀರ್ಘ ಕೊಡಬೇಡಿ ಎಂದು ಸಾವಿರ ಮಕ್ಕಳ ಕಿವಿ ಹಿಂಡಿದವಳು ನಾನೇ ದೀರ್ಘ ಎಳೆದಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿದ್ದಿತ್ತು.

ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ. "ಆರನೇದಕ್ಕ ಯಾರ ಅಳತಿ ಹಿಡದ್ರಿ?" ಎಂದು ಗದರಿಸಿದೆ.

"ಇತ್ತರಿ ಒಂದು ಕೋಲು." ಅವರು ನನ್ನ ಮೊಣಕಾಲನ್ನೂ ನೋಡಲಿಲ್ಲ, ನೆಲ ನೋಡಿದರು.

"ವಾಪಸ್ ಒಯ್ಯಿರಿ ಹಂಗಾರ."

"ಬ್ಯಾಡ್ರಿ. ಅದಕ್ಕ ಏನೂ ಕೊಡಬ್ಯಾಡ್ರಿ. ಇಲ್ಲೇ ಇರಲಿ, ನಿಮ್ಮಲ್ಲಿ ಉಣ್ಣೂ ಮಂದಿ ಅದಾರ. ಖಾನಾಪುರಕ್ಕ ಅಷ್ಟ ತರಬ್ಯಾಡ್ರಿ ಬಾಯಾರ, ಕೈ ಮುಗೀತೀನಿ." ನಿಜಕ್ಕೂ ಕೈ ಮುಗಿದರು. ಬಿಟ್ಟಿ ಬಂದದ್ದನ್ನು ಯಾಕೆ ಬಿಡಬೇಕೆಂದು ಶಶಿಧರ ಅದನ್ನು ಒಳಗೆ ತಂದು ಅವ್ವನ ಪಕ್ಕಕ್ಕೆ ಹಾಕಿದ.

ನಮ್ಮ ಐದು ಕುರ್ಚಿಗಳ ಬಗ್ಗೆ ಏನು ಹೇಳಲಿ! ಕುಳಿತರೆ ಯಾರೋ ಸೊಂಟ ಹಿಡಿದು ನೆಟ್ಟಗೆ ಮಾಡಿದ ಹಾಗೆ. ಆರನೆಯದು ಮಾತ್ರ ಯಾರಿಗೂ ಹೊಂದಲಿಲ್ಲ. ನನಗೆ ತೊಡೆಗೆ ಒತ್ತುತ್ತಿತ್ತು, ಪೂರ್ಣಿಮಾಳ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಊಟದ ಹೊತ್ತಿಗೆ ಅದರ ಬೆತ್ತ ಒಮ್ಮೆ ಕಿರ್ ಎನ್ನುತ್ತಿತ್ತು. ಹವೆ ಬದಲಾದರೆ ಬೆತ್ತ ಹಾಗೆ ಎನ್ನುತ್ತದೆ ಎಂದ ಶಶಿಧರ. ಇರಬಹುದು. ಆದರೆ ನಾನು ಒಂದು ದಿನ ಒಬ್ಬಳೇ ಮೇಜಿನ ಮುಂದೆ ಅರ್ಧ ತಾಸು ಸುಮ್ಮನೆ ಕುಳಿತೆ. ಸದ್ದಿಲ್ಲ. ಎದ್ದು ತಾಟು ತಂದು ಇಟ್ಟೆ. ಕಿರ್ ಎಂದಿತು. ನನಗೆ ಹೆದರಿಕೆಯಾಯಿತು, ಅದನ್ನು ಯಾರಿಗೂ ಹೇಳಲಿಲ್ಲ.

ಎರಡನೆಯ ವಾರ ಅವ್ವ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿ ಪಕ್ಕಕ್ಕೆ ತಿರುಗಿದಳು. "ಯಾಕವ್ವಾ, ನೀ ಯಾಕ ಉಣವಲ್ಲಿ?" ಎಂದಳು, ಆ ಖಾಲಿ ಕುರ್ಚಿಗೆ.

"ಯಾರ ಜೋಡಿ ಮಾತಾಡತೀಯವ್ವಾ?"

"ಈ ಹುಡುಗಿ ಜೋಡಿ. ಯಾರ ಪೈಕಿ ಈಕಿ? ಲಗ್ನದ ವಯಸ್ಸಿನಾಕಿ, ಹಸಿದು ಕುಂತಾಳ. ಎಡಗೈಲೆ ಉಣ್ಣಾಕ ಹೋದ್ರ ನಾವು ಬೈತೀವಂತ ಕೈ ಮಡಚಿಕೊಂಡಾಳ ನೋಡು."

ಪೂರ್ಣಿಮಾ ನನ್ನ ಮುಖ ನೋಡಿದಳು. ವಯಸ್ಸಾದವರು, ಏನೋ ಕಂಡಿತು, ಏನೋ ಅಂದರು ಎಂದು ನಾನು ಅಂದೆ. ಆದರೆ ಅವ್ವ ಮರುದಿನದಿಂದ ತಾನೂ ಉಣ್ಣುವುದನ್ನು ಬಿಟ್ಟಳು. ದಾಸೋಹದ ಮನೆಯಲ್ಲಿ ಹುಟ್ಟಿದವಳು, ಹಸಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುವುದು ಆಕೆಗೆ ಆಗದು. ಕುರ್ಚಿಯನ್ನು ಹಿತ್ತಲಿಗೆ ಹಾಕಿದರೆ "ಆಕೀನ ಹೊರಗ ಹಾಕಿ ನೀವು ಉಣ್ರಿ, ನನಗ ಬ್ಯಾಡ" ಎಂದು ಮುಖ ತಿರುಗಿಸಿದಳು. ಒತ್ತಾಯ ಮಾಡಿದರೆ ನಾಲ್ಕು ಚಮಚ ಗಂಜಿ. ಡಾಕ್ಟರು ವಯಸ್ಸು ಎಂದರು. ಹತ್ತು ದಿನಕ್ಕೆ ಆಕೆಯ ಬಳೆ ಮೊಣಕೈವರೆಗೆ ಜಾರತೊಡಗಿತು.

ನಾನು ಬಾಳಕೃಷ್ಣರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನಮಗ ಒಂದು ಹುಡುಗಿ ಇತ್ತರಿ ಬಾಯಾರ" ಎಂದರು. "ಮುಕ್ತಾ. ಹನ್ನೊಂದು ವರ್ಷದಾಕಿ ಇದ್ದಾಗ ಮೂರು ದಿನದ ಜ್ವರದಾಗ ಹೋತು. ಈಗ ಹದಿನಾಲ್ಕು ವರ್ಷ ಆತು. ನನ್ನ ಹೆಣ್ತಿ ಎರಡು ವರ್ಷ ಆಕಿ ಖುರ್ಚಿ ಮುಂದ ತಾಟ ಹಾಕಿದಳು, ಎರಡೂ ಹೊತ್ತು. ನೋಡಾಕಾಗಲಿಲ್ಲ ನನಗ. ಟೇಬಲ್ಲು, ಖುರ್ಚಿ ಎಲ್ಲಾ ಒಡದು ಒಲಿಗೆ ಹಾಕಿದೆ. ನೆಲದ ಮ್ಯಾಲೆ ಉಣ್ಣಾಕ ಹತ್ತಿದ್ವಿ, ಆಮ್ಯಾಲೆ ಬಿಟ್ಟಳು. ಈಗ ಇದು ಮನಿಗೆ ಬಂದ್ರ ಮತ್ತ ಹಾಕತಾಳ. ತರಬ್ಯಾಡ್ರಿ."

ಆಗ ನಾನು ಆ ಮಾತು ಆಡಿದೆ. "ನಿಮ್ಮ ಹೆಣ್ತಿ ತಾಟ ಹಾಕಬಾರದಂತ ನಮ್ಮವ್ವ ಸಾಯಬೇಕೇನ್ರಿ?" ಎಂದೆ. ಅವರು ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಒಂದು ಟೆಂಪೋ ಗೊತ್ತು ಮಾಡಿ, ಕುರ್ಚಿ ಹೇರಿಸಿ, ಡ್ರೈವರನ ಪಕ್ಕ ಕುಳಿತು ಖಾನಾಪುರದ ದಾರಿ ಹಿಡಿದೆ. ಅಯ್ಯೋ ಎನಿಸಿತ್ತು, ನಿಜ. ಆದರೆ ನನ್ನ ತಾಯಿ ನನಗೆ ಹೆಚ್ಚು. ಪಿರನವಾಡಿ ದಾಟಿದ ಮೇಲೆ ಒಂದು ವಿಚಾರ ತಲೆಗೆ ಹೊಕ್ಕಿತು. ಸತ್ತ ಹುಡುಗಿಗೆ ಹನ್ನೊಂದು ವರ್ಷ. ಹಿಂದೆ ಇರುವ ಕುರ್ಚಿ ದೊಡ್ಡವರ ಅಳತೆಯದು. ಅವ್ವ ಕಂಡದ್ದೂ ಲಗ್ನದ ವಯಸ್ಸಿನವಳು. ಖಾನಾಪುರ ಬರುವ ತನಕ ನಾನು ಹಿಂದೆ ತಿರುಗಿ ನೋಡಲಿಲ್ಲ.

ಬಾಳಕೃಷ್ಣ ಮರ ನೋಡಲು ಹೋಗಿದ್ದರು. ಬಾಗಿಲಿಗೆ ಬಂದವರು ಅವರ ಹೆಂಡತಿ ಸುಲಭಾ. ಹುಚ್ಚು ಹಿಡಿದ ತಾಯಿಯನ್ನು ಎದುರಿಸಲು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿ ನೋಡಿದರು.

"ಒಳಗ ತರ್ರಿ. ಬಿಸಲಾಗ ಬೆತ್ತ ಒಣಗತೈತಿ" ಎಂದರು.

"ನಿಮಗ ಗೊತ್ತೈತೇನ್ರಿ ಇದು?"

"ಇದಕ್ಕ ಎಣ್ಣಿ ಹಚ್ಚಿದಾಕಿ ನಾನಽ ಅಲ್ರಿ? ಅವರು ಊರಾಗ ಇಲ್ಲದಾಗ ವರ್ಕ್‌ಶಾಪಿಗೆ ಹೋಗಿ ಹಚ್ಚತಿದ್ದೆ. ಟೆಂಪೋದಾಗ ಕಟ್ಟಿದ್ದೂ ನನ್ನ ಸೀರಿನಽ."

ನನ್ನನ್ನು ಮಣೆಯ ಮೇಲೆ ಕೂರಿಸಿ, ಆಕೆ ವರ್ಕ್‌ಶಾಪಿಗೆ ಹೋಗಿ ಮಾಡಿನ ತೊಲೆಗೆ ಸಿಕ್ಕಿಸಿದ್ದ ಒಂದು ಕೋಲು ತಂದು ನನ್ನ ಕೈಗಿಟ್ಟರು. ಬಿದಿರು ಹಳೆಯದಾಗಿ ಕಂದು ತಿರುಗಿತ್ತು. ಕೆಳಗಿನಿಂದ ಮೇಲಕ್ಕೆ ಕಚ್ಚುಗಳು. ಪ್ರತಿ ವರ್ಷ ಖಂಡೇನವಮಿಗೆ ಉಳಿ, ಗರಗಸಗಳ ಪೂಜೆಯಾದ ಮೇಲೆ ಅಪ್ಪ ಮಗಳನ್ನು ಕೂರಿಸಿ ಅಳತೆ ತೆಗೆಯುತ್ತಿದ್ದರಂತೆ.

"ಇಲ್ಲೀತನ ಆಕಿ ಇದ್ದಳರಿ" ಎಂದು ಸುಲಭಾ ಒಂದು ಕಚ್ಚಿನ ಮೇಲೆ ಉಗುರು ಇಟ್ಟರು.

ಅದರ ಮೇಲೆಯೂ ಕಚ್ಚುಗಳಿದ್ದವು. ಹನ್ನೆರಡು, ಹದಿಮೂರು, ಹದಿನಾಲ್ಕು. ಬೆರಳಗಲ, ಬೆರಳಗಲ, ಆಮೇಲೆ ಕೂದಲೆಳೆಯಷ್ಟು. ಹುಡುಗಿ ಬೆಳೆಯುತ್ತ ಹೋಗಿದ್ದಳು. ಹದಿನೆಂಟಕ್ಕೆ ನಿಂತಿದ್ದಳು. ಹೆಣ್ಣುಮಕ್ಕಳು ಅಷ್ಟೊತ್ತಿಗೆ ಬೆಳೆಯುವುದು ನಿಲ್ಲುತ್ತದಲ್ಲ. ಆದರೂ ಅವರು ಪ್ರತಿ ಖಂಡೇನವಮಿಗೆ ಬಿಡದೆ ಅದೇ ಗೆರೆಯ ಮೇಲೆ ಚಾಕು ಎಳೆದಿದ್ದರು. ಕೋಲು ಅಲ್ಲಿ ಮುರಿಯುವಷ್ಟು ಸವೆದಿತ್ತು. ನಾನು ಅದನ್ನು ಆಕೆಗೇ ಕೊಟ್ಟೆ.

"ತಾಟ ಹಾಕೂದು ನಾ ಬಿಟ್ಟೆ ಬಾಯಾರ. ಅವರು ಬಿಟ್ಟಿಲ್ಲ" ಎಂದರು ಸುಲಭಾ. "ನನಗ ಹುಚ್ಚು ಹಿಡೀತೈತಿ ಅಂತ ಅಂಜಿ ನನ್ನ ಕಾಯತಾರ. ಕಾಯಲಿ. ಆ ನೆವದಾಗ ಅವರು ಗಟ್ಟಿ ನಿಂತಾರ."

"ಮತ್ತ ಆ ಸಹಾ ಅಂದ್ರ ಆರು ಅಂತ..."

"ಅವರು ಕನ್ನಡ ಸಾಲ್ಯಾಗ ಏಳನೇತ್ತಾ ಕಲತಾರ್ರಿ. ಸಹಾ ಗೊತ್ತಾಗೂದಿಲ್ಲೇನು? ನಿಮ್ಮ ಚೀಟಿ ನೋಡಿಕೋತ ಒಂದು ತಾಸು ಕುಂತಿದ್ರು. ಆಮ್ಯಾಲೆ ನನಗ ಕೇಳೂ ಹಂಗ, ಆರು ಬೇಕಂತ, ಅಂದ್ರು."

ನನ್ನ ದೀರ್ಘ ಅವರಿಗೆ ಹದಿನಾಲ್ಕು ವರ್ಷದಿಂದ ಬೇಕಾಗಿದ್ದ ನೆಪವಾಗಿತ್ತು. ನಾನು ಅವ್ವನ ವಿಷಯ ಹೇಳಿದೆ. ಎಡಗೈ ಮಡಚಿಕೊಂಡು ಕುಳಿತಿದ್ದಾಳೆ ಎಂದಾಗ ಸುಲಭಾ ಕಣ್ಣು ಮುಚ್ಚಿದರು. ಮುಕ್ತಾ ಎಡಚಿಯಾಗಿದ್ದಳು. ಅದನ್ನು ನಮ್ಮಲ್ಲಿ ಯಾರಿಗೂ ಯಾರೂ ಹೇಳಿರಲಿಲ್ಲ. ಕಣ್ಣು ತೆರೆದು ಆಕೆ ಕೇಳಿದ್ದು ಒಂದೇ ಮಾತು.

"ನೀವು ಮೊದಲ ಏನು ಬಡಸತೀರಿ?"

"ರೊಟ್ಟಿ. ಆಮ್ಯಾಲೆ ಅನ್ನ."

"ಆಕಿಗೆ ಜ್ವಾಳದ ರೊಟ್ಟಿ ಸೇರೂದಿಲ್ರಿ. ಮೊದಲ ಅನ್ನ ಬಡಸ್ರಿ." ಆಮೇಲೆ ಹೇಳಿದರು, "ಬಡಿಸಿದ್ರೂ ಅಪ್ಪ ಬಂದು ಬಾಜೂಕ ಕುಂದರೂತನ ಆಕಿ ತುತ್ತು ಎತ್ತತಿರಲಿಲ್ಲ. ನಾ ಎರಡು ವರ್ಷ ತಾಟ ಹಾಕಿದ್ದು ಅದಕ್ಕಽ. ಒಮ್ಮೆರ ಅವರು ಬಂದು ಬಾಜೂಕ ಕುಂತು ಉಂಡಿದ್ರ ಅವತ್ತಽ ತೆಗೀತಿದ್ದೆ. ಅವರು ವರ್ಕ್‌ಶಾಪಿನಾಗ ಡಬ್ಬಿ ಉಣತಿದ್ರು. ಖುರ್ಚಿ ವಾಪಸ್ ಒಯ್ಯಿರಿ. ಕಾಲು ಸಡ್ಲ ಆಗೇತಿ, ರಿಪೇರಿಗೆ ಕರದಾರ ಅಂತ ಹೇಳಿ ನಾಳೆ ಕರಕೊಂಡು ಬರ್ತೀನಿ."

ಮರುದಿನ ಮಧ್ಯಾಹ್ನ ಇಬ್ಬರೂ ರೈಲಿಗೆ ಬಂದರು. ಶಶಿಧರ ಕೆಲಸಕ್ಕೆ ಹೋಗಿದ್ದ, ಮಗಳು ಕಾಲೇಜಿಗೆ. ಬಾಳಕೃಷ್ಣರ ಹೆಗಲಲ್ಲಿ ಸಾಮಾನಿನ ಚೀಲ. ಫೋನಿನಲ್ಲಿ ಆಡಿದ ಮಾತಿಗೆ ನಾನು ತಪ್ಪಾಯಿತು ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ನೇರ ಕುರ್ಚಿ ಹತ್ತಿರ ಹೋಗಿ ಬಗ್ಗಿ ನಾಲ್ಕೂ ಕಾಲು ಅಲ್ಲಾಡಿಸಿ ನೋಡಿದರು.

"ಏನೂ ಸಡ್ಲ ಆಗಿಲ್ಲಲ್ರಿ" ಎಂದು ಹೆಂಡತಿಯ ಕಡೆ ನೋಡಿದರು. ಸುಲಭಾ ಎದುರಿನ ಕುರ್ಚಿ ಎಳೆದು ಕುಳಿತರು.

"ಊಟ ಮಾಡ್ಕೊಂಡು ಹೋಗ್ರಿ ಸುತಾರ್ರ" ಎಂದೆ.

"ನಾ ನೆಲದ ಮ್ಯಾಲೆ ಕುಂದರತೀನ್ರಿ."

ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಅವ್ವ ಹೊರಗೆ ಬಂದಳು. ತನ್ನ ಕುರ್ಚಿಯಲ್ಲಿ ಕುಳಿತು, ಪಕ್ಕದ ಖಾಲಿ ಕುರ್ಚಿ ನೋಡಿದಳು, ಬಾಳಕೃಷ್ಣರನ್ನು ನೋಡಿದಳು. ಆಕೆಗೆ ನಾವು ಏನೂ ತಿಳಿಸಿರಲಿಲ್ಲ.

"ಈಗ ಬಂದ್ಯಾ? ಎಷ್ಟ ಹೊತ್ತೋ ನಿಂದು. ಹುಡುಗಿ ಕಾದು ಕಾದು ಸುಣ್ಣ ಆಗ್ಯಾಳ" ಎಂದಳು.

ಬಾಳಕೃಷ್ಣ ಹೆಗಲ ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟರು. ಆ ಕುರ್ಚಿಯ ಇನ್ನೊಂದು ಪಕ್ಕಕ್ಕೆ ಶಶಿಧರನ ಕುರ್ಚಿ ಇತ್ತು. ಅದರಲ್ಲಿ ಕುಳಿತರು. ಯಾರ ಮೊಣಕಾಲನ್ನೂ ನೋಡಲಿಲ್ಲ. ಪಕ್ಕಕ್ಕೆ ತಿರುಗಿ, ಕುರ್ಚಿಯ ಬೆನ್ನಿಗಿಂತ ಒಂದು ಗೇಣು ಮೇಲೆ, ಕುಳಿತವರ ಮುಖ ಇರಬೇಕಾದ ಎತ್ತರಕ್ಕೆ ಕಣ್ಣೆತ್ತಿ ನೋಡುತ್ತ ಕುಳಿತರು.

ಪೂರ್ಣಿಮಾ ಅಡುಗೆಮನೆಯಿಂದ ಅನ್ನದ ಪಾತ್ರೆ ತಂದಿಟ್ಟಳು. ನಾನು, ಅವಳು, ಅವ್ವ, ಗಂಡ ಹೆಂಡತಿ ಇಬ್ಬರು. ಅವಳಿಗೆ ಎಣಿಸಲು ಬರುವುದಿಲ್ಲವೇ? ಆದರೂ ನನ್ನ ಮುಖ ನೋಡಿ ಕೇಳಿದಳು.

"ಅಕ್ಕಾ, ತಾಟ ಎಷ್ಟ ಇಡ್ಲಿ?"

"ಸಹಾ" ಎಂದೆ.

ಅವಳು ಆರು ತಾಟು ಇಟ್ಟು ಆರಕ್ಕೂ ಮೊದಲು ಅನ್ನ ಬಡಿಸಿದಳು. ಬೆತ್ತ ಒಮ್ಮೆ ಕಿರ್ ಎಂದಿತು. ಅವ್ವ ಪಕ್ಕಕ್ಕೆ ನೋಡಿ ತಲೆಯಾಡಿಸಿ ಅನ್ನ ಕಲಸತೊಡಗಿದಳು.